ಜನವರಿಯೊಳಗ ಸರಿ ಇದ್ದ ಕಾಡತೂಸು ಜುಲೈದಾಗ ಯಾಕ ಮ್ಯಾಲ ಹೊಡೀತು: ಒಂದು ಪ್ರಕರಣ ಅಧ್ಯಯನ

2023ರ ಜುಲೈ, ಒಂದು ರವಿವಾರ ಮುಂಜಾನಿ ಏಳಕ್ಕ ಫೋನ್ ಬಂತು. ಧಾರವಾಡದಾಗ ಹೊರಗ ಜಿಟಿಜಿಟಿ ಮಳಿ, ನಾ ಸಪ್ತಾಪುರದ ಮನ್ಯಾಗ ಚಹಾ ಕುಡ್ಕೋತ ಕುಂತಿದ್ದೆ. ಆ ಕಡೆ ನಮ್ಮ ಕಾಕಾನ ಮಗ, ಅಮೇರಿಕಾದ ಅರಿಝೋನಾದಾಗ ಫೀನಿಕ್ಸ್ ಅನ್ನೋ ಊರಾಗ ಇರ್ತಾನ, ಅಲ್ಲಿ ಇನ್ನೂ ಶನಿವಾರ ಸಂಜಿ ಆರೂವರಿ. ಆರಾಮ ಅದಿಯೇನ್ ಅಂತ ಸೈತ ಕೇಳ್ಲಿಲ್ಲ ಅವಾ, 'ಅಣ್ಣಾ, ಇವತ್ತ ರೇಂಜ್‌ನಾಗ ಬೋಲ್ಟ್ ಎತ್ತಾಕ ಬರವಲ್ದಾಗಿತ್ತು, ಅಂಗೈಲೆ ಗುದ್ದಿ ಎತ್ತಬೇಕಾತು, ಗುಂಡು ಬ್ಯಾರೆ ಒಂದು ಗೇಣು ಮ್ಯಾಲ ಹೊಂಟಾವು' ಅಂದ. ರೇಂಜ್ ಅಂದ್ರ ಗುರಿ ಹೊಡಿಯೋ ಮೈದಾನ, ಬೋಲ್ಟ್ ಅಂದ್ರ ರೈಫಲ್‌ನಾಗ ಕಾಡತೂಸಿನ ಹಿಂದ ಮುಚ್ಚಿ ಹಿಡಿಯೋ ಕೀಲಿ, ಹೊಡ್ದ ಮ್ಯಾಲ ಅದನ್ನ ಕೈಲೆ ಎತ್ತಿ ತೆಗೀಬೇಕು. ದನಿಯೊಳಗ ಹೆದರಿಕಿ ಇತ್ತು. ನಾ ಚಹಾ ಕೆಳಗಿಟ್ಟೆ.

ನಾ ಪಿಯು ಕಾಲೇಜಿನಾಗ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದಾವ, ರೈಫಲ್ ಅಂದ್ರ ನನಗ ಗೊತ್ತಿದ್ದದ್ದು ಎನ್‌ಸಿಸಿ ಕ್ಯಾಂಪ್‌ನಾಗ ಹೊಡ್ದ .22 ಅಷ್ಟ. ಆದ್ರ ಕಾಡತೂಸಿನ ಮದ್ದು ಅಂದ್ರ ಕೆಮಿಸ್ಟ್ರಿನ ಅಲ್ಲೇನ್ರಿ, ಅದಕ್ಕ ಅವಾ ಮನ್ಯಾಗ ಕಾಡತೂಸು ತುಂಬಿ ಗುರಿ ಹೊಡಿಯೋ ಈ ಹವ್ಯಾಸ ಶುರು ಮಾಡಿದಾಗಿಂದ ಏನರ ತಿಳೀಲಿಲ್ಲ ಅಂದ್ರ ನನಗ ಫೋನ್ ಮಾಡ್ತಾನ. ಈ ಒಂದು ಪ್ರಕರಣ ನಾವಿಬ್ಬರೂ ಕೂಡಿ ನಾಲ್ಕೈದು ತಿಂಗಳು ಬೆನ್ನು ಹತ್ತಿ ಬಿಡಿಸಿದ್ದು, ಅದನ್ನ ಮೊದಲಿಂದ ಕಡೀತನಕ ಬರೀತೀನಿ.

ಮೊದಲ ಒಂದು ಮಾತು. ಅಮೇರಿಕಾದಾಗ ತನ್ನ ಸ್ವಂತ ಬಳಕೆಗೆ ಮನ್ಯಾಗ ಕಾಡತೂಸು ತುಂಬಿಕೊಳ್ಳಾಕ ಲೈಸೆನ್ಸ್ ಬೇಕಾಗಿಲ್ಲ, ಮಾರಾಕ ಮಾತ್ರ ಬೇಕು. ನಮ್ಮ ದೇಶದಾಗ ಹಂಗಿಲ್ಲ, 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ದ ಕಾಡತೂಸು ತಯಾರ್ ಮಾಡೋದು ಅಪರಾಧ. ಅದಕ್ಕ ಇಲ್ಲಿ ಯಾವ ಮದ್ದು ಎಷ್ಟು ತೂಕ ಅನ್ನೋದು ನಾ ಬರಿಯೋದಿಲ್ಲ, ಆ ಅಂಕಿ ಈ ಕಥಿಗೆ ಬೇಕಾಗಿನೂ ಇಲ್ಲ. ಬೇಕಾಗಿದ್ದು ಉಷ್ಣತೆ ಏನು ಮಾಡ್ತೈತಿ ಅನ್ನೋದು.

ತಮ್ಮನ ರೈಫಲ್ .308 ವಿಂಚೆಸ್ಟರ್ ಅನ್ನೋ ಅಳತಿ ಕಾಡತೂಸಿಂದು, ಗುಂಡು 168 ಗ್ರೇನಿಂದು, 600 ಗಜದ ಗುರಿಗೆ ಹೊಡೀತಾನ, ಅಂದ್ರ ಹತ್ತತ್ರ 550 ಮೀಟರ್. ಗ್ರೇನ್ ಅಂದ್ರ ಇವರ ತೂಕದ ಮಾಪು, ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ ಅಂದ್ರ ಸುಮಾರು 65 ಮಿಲಿಗ್ರಾಂ. ಹೊಡ್ದ ಮ್ಯಾಲ ಉಳಿಯೋ ಹಿತ್ತಾಳಿ ಕೇಸ್ ಬಿಸಾಡೋದಿಲ್ಲ, ಅದನ್ನ ತೊಳ್ದು, ಅಳತಿಗೆ ಒತ್ತಿ, ಬುಡಕ್ಕ ಹೊಸಾ ಪ್ರೈಮರ್, ಅಂದ್ರ ಮದ್ದಿಗೆ ಕಿಡಿ ಹೊತ್ತಿಸೋ ಸಣ್ಣ ಟೋಪಿ, ಕೂಡ್ಸಿ, ತೂಕ ಮಾಡಿ ಮದ್ದು ಹಾಕಿ, ಬಾಯಿಗೆ ಗುಂಡು ಒತ್ತಿ ಕೂಡಸ್ತಾರ. ಗ್ಯಾರೇಜಿನಾಗ ಒಂದು ಟೇಬಲ್ ಹಾಕ್ಕೊಂಡಾನ, ನಾ ವಿಡಿಯೋ ಕಾಲ್‌ನಾಗ ನೋಡೀನಿ, ನಮ್ಮ ಅಕ್ಕಸಾಲಿಗರ ತಕ್ಕಡಿ ಹಂಗ ಸಣ್ಣ ತಕ್ಕಡಿ, ಪಕ್ಕಕ್ಕ ಒಂದು ನೋಟ್‌ಬುಕ್.

ಜನವರಿಯೊಳಗ ಅವಾ ಹೊಸಾ ಮದ್ದು ತಂದಿದ್ದ, ಬಾಲ್ ಪೌಡರ್ ಅಂತಾರಲ್ಲ ಆ ಜಾತಿದು. ಯಾವ ಮದ್ದು ಎಷ್ಟು ಹಾಕಬೇಕು ಅಂತ ಹೇಳೋ ಪುಸ್ತಕದಾಗ ಕೊಟ್ಟ ಕನಿಷ್ಠ ತೂಕದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಏರಿಸ್ಕೋತ, ಪ್ರತಿ ತೂಕಕ್ಕ ನಾಲ್ಕೈದು ಹೊಡ್ದು, ಕ್ರೋನೋಗ್ರಾಫ್‌ನಾಗ ವೇಗ ನೋಡ್ಕೊಂಡು, ಗುಂಡು ಎಲ್ಲಿ ಒತ್ತಟ್ಟಿಗೆ ಬೀಳ್ತಾವ ನೋಡ್ಕೊಂಡು ಹೋಗ್ಯಾನ. ಪುಸ್ತಕದ ಗರಿಷ್ಠಕ್ಕ ಇನ್ನೇನ್ ಒಂದು ಚೂರು ಕಮ್ಮಿ ಅನ್ನೋ ತೂಕದಾಗ ಭಾಳ ಚಂದ ಗುಂಪು ಬಂತು, ಸೆಕೆಂಡಿಗೆ 2,650 ಅಡಿ ವೇಗ, ಬೋಲ್ಟ್ ಬೆಣ್ಣಿ ಹಂಗ ಎತ್ತಾಕ ಬರ್ತಿತ್ತು, ಪ್ರೈಮರ್ ದುಂಡಗ ಇದ್ದೂವು. ಖುಷಿಯಾಗಿ ಒಂದ ಸಲಕ್ಕ 200 ತುಂಬಿಟ್ಟ. ನೋಟ್‌ಬುಕ್‌ನಾಗ ಎಲ್ಲಾ ಬರ್ದಾನ, ಮದ್ದಿನ ಹೆಸರು, ಲಾಟ್ ನಂಬರು, ತೂಕ, ಉದ್ದ, ವೇಗ. ಅವತ್ತು ಹವಾ 10 ಡಿಗ್ರಿ ಇತ್ತು ಅನ್ನೋದೊಂದು ಬರ್ದಿಲ್ಲ. ಅದನ್ನ ನಾವು ಆಮ್ಯಾಲ ಅವನ ಮೊಬೈಲ್ ಫೋಟೋದ ತಾರೀಕು ಹಿಡ್ದು, ಆ ದಿನದ ಹವಾಮಾನ ಹುಡುಕಿ ತಗದ್ವಿ.

ಜುಲೈದಾಗ ಏನಾತು ಅಂದ್ರ, ಆ ವರ್ಷ ಫೀನಿಕ್ಸ್‌ದಾಗ ಜೂನ್ ಕಡೀ ದಿನದಿಂದ ಹಿಡ್ದು ಸತತ 31 ದಿನ 110 ಫ್ಯಾರನ್‌ಹೀಟ್ ಮುಟ್ಟಿದ್ದು, ಅಂದ್ರ ನಮ್ಮ ಲೆಕ್ಕದಾಗ 43 ಡಿಗ್ರಿ ಮ್ಯಾಲ. ನಮ್ಮಲ್ಲಿ ಎಪ್ರಿಲ್‌ದಾಗ 38 ಆದ್ರ ಮಂದಿ ಉಸ್ಸಪ್ಪಾ ಅಂತಾರ, ಅಲ್ಲಿ ಮುಂಜಾನಿ ಒಂಬತ್ತಕ್ಕ 40. ಕಾಡತೂಸಿನ ಡಬ್ಬಿ ಕಾರಿನ ಡಿಕ್ಕಿಯಾಗ ಇತ್ತು, ಆಮ್ಯಾಲ ಶೂಟಿಂಗ್ ಬೆಂಚಿನ ಮ್ಯಾಲ, ನೆರಳು ಸರ್ಕೊಂಡು ಹೋದ ಮ್ಯಾಲ ಬಿಸಲಾಗ. 600 ಗಜಕ್ಕ ಗುಂಡು ಒಂಬತ್ತು ಇಂಚು ಮ್ಯಾಲ, ಅಂದ್ರ 23 ಸೆಂಟಿಮೀಟರ್. ಬೋಲ್ಟ್ ಬಿಗಿ. ಹೊಡ್ದ ಕೇಸ್‌ಗಳ ಫೋಟೋ ಕಳ್ಸಿದ್ದ, ನಾ ಹಿಗ್ಗಿಸಿ ಹಿಗ್ಗಿಸಿ ನೋಡಿದೆ: ಪ್ರೈಮರ್‌ನ ದುಂಡನೆ ಅಂಚು ಚಪ್ಪಟಿಯಾಗಿ ಸುತ್ತಲ ಹಿತ್ತಾಳಿಗೆ ಹತ್ತಿಬಿಟ್ಟಿತ್ತು, ಕೇಸ್‌ನ ಬುಡದ ಬರಹದ ಮ್ಯಾಲ ಒಂದು ಹೊಳೆಯೋ ಅರ್ಧಚಂದ್ರ, ಅದು ಖಾಲಿ ಕೇಸ್ ಹೊರಗ ದೂಡೋ ಎಜೆಕ್ಟರ್‌ನ ಕಿಂಡಿಯೊಳಗ ಹಿತ್ತಾಳಿ ಒತ್ತಿ ಹೊಕ್ಕು, ಬೋಲ್ಟ್ ತಿರುವಿದಾಗ ತಿಕ್ಕಿದ ಗುರುತು. ನಾಲ್ಕು ಹೊಡ್ದಿದ್ದ, ನಾಲ್ಕಕ್ಕ ನಿಲ್ಲಿಸ್ದ. ನಿಲ್ಲಿಸಿದ್ದು ಭಾಳ ಚೊಲೊ ಮಾಡ್ದ. ಈ ಗುರುತು ಕಾಣ್ತಾವ ಅಂದ್ರ ಒತ್ತಡ ಹದ್ದು ಮೀರಾಕತ್ತೈತಿ ಅಂತಲ್ಲ, ಆಗ್ಲೇ ಮೀರಿ ಹೋಗೈತಿ ಅಂತ. .308ಕ್ಕ ಅಮೇರಿಕಾದಾಗ ಕಾಡತೂಸಿನ ಮಾಪು ಗೊತ್ತು ಮಾಡೋ ಸಾಮಿ ಸಂಸ್ಥೆ ಇಟ್ಟ ಗರಿಷ್ಠ ಸರಾಸರಿ ಒತ್ತಡ 62,000 ಪಿಎಸ್‌ಐ, ಅಂದ್ರ ಚದರ ಇಂಚಿಗೆ ಅಷ್ಟು ಪೌಂಡ್, ಕಾರಿನ ಟೈರ್‌ನಾಗ ಮೂವತ್ತು ಮೂವತ್ತೈದು ಇರ್ತೈತಿ, ಅದಕ್ಕ ಹೋಲಿಸಿ ನೋಡ್ರಿ, ಮುಖದಿಂದ ಒಂದು ಗೇಣು ದೂರದಾಗ.

ಅವನ ಮೊದಲ ಸಂಶೆ ಸ್ಕೋಪ್ ಮ್ಯಾಲ, ಅಂದ್ರ ರೈಫಲ್ ಮ್ಯಾಲಿನ ಗುರಿ ನೋಡೋ ದುರ್ಬೀನು. ಬಿಸಿಲಿಗೆ ಸ್ಕೋಪ್ ಸರಿದೈತಿ ಅಂತ. ಆದ್ರ ಅವಾ ಬರೂ ಮುಂದ 100 ಗಜಕ್ಕ ಒಂದು ಹೊಡ್ದು ನೋಡಿದ್ದ, ನಾಲ್ಕರಾಗ ಅದ ಕಡೀದು, ಬರೋಬ್ಬರಿ ನಡುವ ಬಿದ್ದಿತ್ತು. ಸ್ಕೋಪ್ ಸರಿದಿದ್ರ 100ಕ್ಕೂ ಸರೀಬೇಕು, 600ಕ್ಕ ಒಂಬತ್ತು ಇಂಚು ಅಂದ್ರ 100ಕ್ಕ ಒಂದೂವರಿ ಇಂಚು ಕಾಣಬೇಕು, ಕಾಣ್ಲಿಲ್ಲ. ಸ್ಕೋಪ್ ವಿಚಾರ ಅಲ್ಲೇ ಮುಗೀತು. ಇದ ಕಾರಣಕ್ಕ ಬರೇ 100 ಗಜದಾಗ ಹೊಡಿಯೋ ಮಂದಿಗೆ ಉಷ್ಣತೆ ಆಟ ವರ್ಷಾನುಗಟ್ಲೆ ಗೊತ್ತಾಗೋದ ಇಲ್ಲ, ವೇಗ ಅರವತ್ತು ಎಪ್ಪತ್ತು ಅಡಿ ಏರಿದ್ರೂ ಅಷ್ಟು ಹತ್ತಿರದಾಗ ಗುಂಡಿನ ತೂತು ಸರಿಯೋದಿಲ್ಲ.

ಎರಡನೇ ಸಂಶೆ ನಂದು. ಬಿಸಿ ಹವಾ ತೆಳ್ಳಗ ಇರ್ತೈತಿ, ಗುಂಡಿಗೆ ತಡೆ ಕಮ್ಮಿ, ಅದಕ್ಕ ಕಮ್ಮಿ ಇಳೀತೈತಿ, ಮ್ಯಾಲ ಬೀಳ್ತೈತಿ. ಇದು ಖರೆನ. ಎಷ್ಟು ಖರೆ ಅನ್ನೋದು ಲೆಕ್ಕ ಹಾಕ್ಬೇಕಲ್ಲ, ಅಂತ ಹಾಳಿ ಪೆನ್ನು ಹಿಡಕೊಂಡು ಕುಂತೆ. 10 ಡಿಗ್ರಿ ಅಂದ್ರ 283 ಕೆಲ್ವಿನ್, 40 ಅಂದ್ರ 313, ಒತ್ತಡ ಹಂಗ ಇದ್ರ ಸಾಂದ್ರತೆ 283 ಭಾಗ 313, ಅಂದ್ರ ಹತ್ತತ್ರ ಶೇಕಡಾ 10 ಕಮ್ಮಿ. ಹವಾನ ಇರ್ದಿದ್ರ ಈ ಗುಂಡು 600 ಗಜಕ್ಕ ನಳಿಗೆಯ ನೇರಕ್ಕಿಂತ ಸುಮಾರು 89 ಇಂಚು ಇಳೀತಿತ್ತು, ಹವಾ ಇದ್ದಾಗ ಸುಮಾರು 120 ಇಂಚು ಇಳೀತೈತಿ, ಅಂದ್ರ ಹವಾದ ಪಾಲು ಮೂವತ್ತು ಇಂಚಿನ ಆಜುಬಾಜು. ಆ ಪಾಲಿನಾಗ ಹತ್ತನೇ ಒಂದು ಕಮ್ಮಿ ಆದ್ರ ಮೂರು, ಮೂರೂವರಿ ಇಂಚು. ಒಂಬತ್ತರಾಗ ಮೂರೂವರಿ ಕಳದ್ರ ಐದೂವರಿ ಇಂಚು ಲೆಕ್ಕಕ್ಕ ಸಿಗವಲ್ದು, ಅದಕ್ಕಿಂತ ಹೆಚ್ಚಿನ ಮಾತು ಅಂದ್ರ ಹೊರಗಿನ ಹವಾ ಎಷ್ಟ ತೆಳ್ಳಗಾದ್ರೂ ಒಳಗಿನ ಬೋಲ್ಟ್ ಬಿಗಿ ಮಾಡೋದಿಲ್ಲ. ಬೋಲ್ಟ್ ಬಿಗಿಯಾಗಬೇಕು ಅಂದ್ರ ಕೇಸ್ ಒಳಗಿನ ಒತ್ತಡ ಏರಬೇಕು. ಆ ಐದೂವರಿ ಇಂಚು, ಆ ಬಿಗಿ ಬೋಲ್ಟ್, ಎರಡೂ ಒಂದ ಕಡೆ ಬೆರಳು ಮಾಡಿ ತೋರಸ್ತಿದ್ದೂವು, ಮದ್ದು.

ಮದ್ದು ಬಿಸಿಯಾದ್ರ ಏನಾಗ್ತೈತಿ ಅನ್ನೋದು ಫೋನ್‌ನಾಗ ತಮ್ಮಗ ಹೇಳಿದ್ದನ್ನ ಹೇಳ್ತೀನಿ. ನಳದ ತಣ್ಣೀರು ಒಲಿ ಮ್ಯಾಲ ಇಟ್ಟಿ, ಸೋಲಾರ್‌ದಿಂದ ಬಂದ ಬೆಚ್ಚಗಿನ ನೀರು ಇನ್ನೊಂದು ಒಲಿ ಮ್ಯಾಲ ಇಟ್ಟಿ, ಬೆಂಕಿ ಎರಡಕ್ಕೂ ಒಂದ, ಯಾವುದು ಲಗೂ ಕುದೀತೈತಿ? ಮದ್ದಿನ ಕಾಳೂ ಹಂಗ. ಅದರ ಮೈ ಒಂದು ಉಷ್ಣತೆಗೆ ಬಂದ ಮ್ಯಾಲ ಒಡ್ದು ಗ್ಯಾಸ್ ಆಗ್ತೈತಿ, 10 ಡಿಗ್ರಿಯಿಂದ ಶುರು ಮಾಡಿದ್ದಕ್ಕಿಂತ 50 ಡಿಗ್ರಿಯಿಂದ ಶುರು ಮಾಡಿದ್ದು ಅಲ್ಲಿಗೆ ಲಗೂ ಮುಟ್ಟತೈತಿ. ಇಷ್ಟ ಆಗಿದ್ರ ಫರಕ್ ಸಣ್ಣದು ಇರ್ತಿತ್ತು. ಆದ್ರ ಮದ್ದಿಗೆ ಇನ್ನೊಂದು ಗುಣ ಐತಿ, ಒತ್ತಡ ಏರಿದಷ್ಟು ಅದು ಇನ್ನೂ ಜೋರ್ ಉರೀತೈತಿ, ಜೋರ್ ಉರಿದಷ್ಟು ಒತ್ತಡ ಇನ್ನೂ ಏರತೈತಿ. 1884ರಾಗ ಫ್ರಾನ್ಸಿನಾಗ ಹೊಗಿ ಇಲ್ದ ಮದ್ದು ಮಾಡಿದ ಪಾಲ್ ವಿಯೇಯ್ ಅನ್ನೋ ವಿಜ್ಞಾನಿನ ಈ ಒತ್ತಡ ಮತ್ತ ಉರಿಯೋ ವೇಗದ ಸಂಬಂಧ ಸೂತ್ರಕ್ಕ ತಂದಾವ. ಅದಕ್ಕ ಶುರುವಿನ ಸಣ್ಣ ಫರಕ್ ಕೇಸಿನ ಒಳಗ ಬೆಳ್ಕೋತ ಹೋಗ್ತೈತಿ. ಇನ್ನೊಂದು ನೆನಪಿಡೋದು, ಗುಂಡಿನ ವೇಗ ಶೇಕಡಾ ಎರಡು ಏರಿದ್ರ ಒತ್ತಡ ಬರೇ ಎರಡು ಏರೋದಿಲ್ಲ, ಅದರ ಎರಡು ಮೂರು ಪಟ್ಟು ಏರತೈತಿ. ಅಂದ್ರ ವೇಗ ಅನ್ನೋದು ಸೌಮ್ಯವಾದ ಸಾಕ್ಷಿ, ನಡದಿದ್ದಕ್ಕಿಂತ ಕಮ್ಮಿನ ಹೇಳ್ತೈತಿ.

ಇದೇನ್ ಹೊಸಾ ಸಂಗತಿ ಅಲ್ಲ, ಮತ್ತ ನಮ್ಮ ದೇಶಕ್ಕ ಸಂಬಂಧ ಇಲ್ದ ಸಂಗತಿನೂ ಅಲ್ಲ. ಬ್ರಿಟಿಷರ ಕಾರ್ಡೈಟ್ ಮದ್ದಿನಾಗ ಶುರುವಿನ ಕಾಲಕ್ಕ ಶೇಕಡಾ 58 ನೈಟ್ರೋಗ್ಲಿಸರಿನ್ ಇರ್ತಿತ್ತು, ಅದರ ಉರಿ ಭಾಳ ಜೋರು, ನಳಿಗಿ ತಿಂದು ಹಾಕ್ತೈತಿ ಅಂತ ಆಮ್ಯಾಲ 30ಕ್ಕ ಇಳಸಿದ್ರು. ಇಂಗ್ಲೆಂಡಿನ ಥಂಡಿಯೊಳಗ ಹದ ಮಾಡಿದ ಕಾಡತೂಸು ಇಂಡಿಯಾದ ಬ್ಯಾಸಿಗಿಯೊಳಗ ಒತ್ತಡ ಏರಿಸ್ತಿತ್ತು, ಅದಕ್ಕ ದೊಡ್ಡ ಬೇಟೆ ರೈಫಲ್‌ಗಳಿಗೆ ಕಾರ್ಡೈಟ್ ಕಮ್ಮಿ ಹಾಕಿದ 'ಟ್ರಾಪಿಕಲ್ ಲೋಡ್' ಅಂತ ಬ್ಯಾರೆನ ಮಾಡಿ ಇಂಡಿಯಾ, ಆಫ್ರಿಕಾಕ್ಕ ಕಳಸ್ತಿದ್ರು. ಆ ಕಾಲಕ್ಕ ದಾಂಡೇಲಿ ಅಡವಿಯೊಳಗ ಬಿಳಿ ಸಾಹೇಬ್ರು ಹೊತ್ತ ರೈಫಲ್‌ಗೂ ಈ ಮಾತು ಹೊಂದತೈತಿ. ತಮ್ಮಗ ಇದನ್ನ ಹೇಳಿದಾಗ ಅವಾ ಒಂದು ಗಳಿಗಿ ಸುಮ್ನಾದ, ಆಮ್ಯಾಲ 'ಅಂದ್ರ ಅಣ್ಣಾ, ನಾ ಇಂಗ್ಲೆಂಡಿನ ಲೋಡ್ ಮಾಡಿ ಇಂಡಿಯಾದಾಗ ಹೊಡ್ದಂಗಾತು' ಅಂದ. ಬರೋಬ್ಬರಿ ಹಿಡ್ದ.

ಹಂಗಾದ್ರ ಅವಾ ಬಾಲ್ ಪೌಡರ್ ಯಾಕ ಆರಿಸಿದ್ದ? ಅದಕ್ಕೂ ಕಾರಣ ಐತಿ, ಮೂರ್ಖತನ ಅಲ್ಲ. ಬಾಲ್ ಪೌಡರ್ ಅಂದ್ರ ಸಣ್ಣ ರವಾ ಹಂಗ, ಅಳಿಯೋ ಯಂತ್ರದಿಂದ ಸರಸರ ಇಳೀತೈತಿ, ಪ್ರತಿ ಸಲ ಅಷ್ಟ ತೂಕ. ಇನ್ನೊಂದು ಜಾತಿ ಐತಿ, ಕಡ್ಡಿ ಮದ್ದು, ಚೂರು ಮಾಡಿದ ಶಾವಿಗಿ ಹಂಗ, ಅದು ಯಂತ್ರದ ಬಾಯಾಗ ಸಿಗೇಬೀಳ್ತೈತಿ, ಕಚಕ್ ಅಂತ ಕತ್ತರಿಸ್ತೈತಿ, ತೂಕ ಹೆಚ್ಚು ಕಮ್ಮಿ ಆಗಿ ಮತ್ತ ತಕ್ಕಡಿಗೆ ಹಾಕಿ ಸರಿ ಮಾಡಬೇಕು. ಸಂಜಿ ಆಫೀಸಿಂದ ಬಂದು ಇನ್ನೂರು ತುಂಬೋ ಮನಷ್ಯಾಗ ರವಾನ ಚೊಲೊ ಅನಸೋದು ಸಹಜ. ಆದ್ರ ಬಾಲ್ ಪೌಡರ್‌ನಾಗ ಸಾಧಾರಣ ನೈಟ್ರೋಗ್ಲಿಸರಿನ್ ಬೆರಸಿರ್ತಾರ, ಕಾಳಿನ ಮ್ಯಾಲ ಉರಿ ತಡಿಯೋ ಲೇಪ ಜಾಸ್ತಿ ಇರ್ತೈತಿ, ಉಷ್ಣತೆಗೆ ಕುಣಿಯೋ ಗುಣ ಭಾಳಷ್ಟು ಬಾಲ್ ಪೌಡರ್‌ಗಳಿಗೆ ಐತಿ. ಎಲ್ಲಾದಕ್ಕೂ ಅಲ್ಲ, ಕಡ್ಡಿ ಮದ್ದಿನೊಳಗೂ ಕುಣಿಯೋವು ಅದಾವು, ಆಕಾರ ನೋಡಿ ತೀರ್ಮಾನ ಮಾಡಬಾರ್ದು. ಉಷ್ಣತೆಗೆ ಗಟ್ಟಿ ನಿಲ್ಲಬೇಕು ಅಂತನ ಮಾಡಿದ ಕಡ್ಡಿ ಮದ್ದುಗಳು ಅಂದ್ರ ಹಾಡ್ಜ್‌ಡನ್‌ನವರ ಎಕ್ಸ್‌ಟ್ರೀಮ್ ಸಾಲು, ವಾರ್ಗೆಟ್, ಎಚ್4895, ಎಚ್4350 ಇತ್ಯಾದಿ, ಇವು ತಯಾರಾಗೋದು ಆಸ್ಟ್ರೇಲಿಯಾದ ಮುಲ್ವಾಲಾದಾಗ. .308ರಾಗ 168 ಗ್ರೇನ್ ಗುಂಡಿಗೆ ವಾರ್ಗೆಟ್ ಭಾಳ ಮಂದಿ ಬಳಸ್ತಾರ.

ನಾ ಅಂದೆ, ಬ್ಯಾರೆಯವರು ಏನು ಬಳಸ್ತಾರ ಅನ್ನೋದು ಬಿಡು ತಮ್ಮಾ, ನಿನ್ನ ರೈಫಲ್‌ನಾಗ ಅಳದು ನೋಡೋಣು.

ಅದಕ್ಕಿಂತ ಮೊದಲ ಒಂದು ಜಗಳ ಆತು. ಡಬ್ಬಿಯೊಳಗ ಇನ್ನೂ 140 ಕಾಡತೂಸು ಉಳದಿದ್ದೂವು. ಚಳಿಗಾಲಕ್ಕ ಇಟ್ಟರಾತು, ಆಗ ಚೊಲೊ ಇದ್ದೂವಲ್ಲ, ಅಂದ ಅವಾ. ನಾ ಒಪ್ಪಲಿಲ್ಲ, ಸಿಟ್ಟಿಗೇ ಬಂದೆ. ಆ ಡಬ್ಬಿ ಗ್ಯಾರೇಜಿನ ಮೂಲ್ಯಾಗ ಕುಂತಿರ್ತೈತಿ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ನೀ ಮರತಿರ್ತಿ, ಇಲ್ಲಾ ನಿನ್ನ ಗೆಳ್ಯಾ ಒಬ್ಬಾವ ಮೇ ತಿಂಗಳಾಗ ಎತ್ಕೊಂಡು ಹೋಗ್ತಾನ, ಆವತ್ತ ಏನು ಮಾಡ್ತಿ? ಎರಡು ಸಂಜಿ ಕುಂತು ಒಂದೊಂದ ಗುಂಡು ಕಿತ್ತು 140ನ್ನೂ ಬಿಚ್ಚಿದ. ಬಿಚ್ಚಿದ ಮದ್ದನ್ನ ಮೂಲ ಡಬ್ಬಿಗೆ ವಾಪಸ್ ಸುರೂಲಿಲ್ಲ, ಅದೂ ಸರಿನ ಮಾಡ್ದ.

ಆಗಸ್ಟ್‌ದಾಗ ಪರೀಕ್ಷೆ ಮಾಡಿದ್ವಿ. ಬಾಲ್ ಪೌಡರ್ ಮೊದಲಿನಕ್ಕಿಂತ ಒಂದು ಪೂರ್ತಿ ಗ್ರೇನ್ ಕಮ್ಮಿ ಹಾಕಿ 30, ವಾರ್ಗೆಟ್ ಪುಸ್ತಕದ ಕನಿಷ್ಠದಿಂದ ಹೊಸದಾಗಿ ಹದ ಮಾಡಿ 30. ಪ್ರತಿ 30ರಾಗ ಮೂರು ಪಾಲು: ಹತ್ತು ಐಸ್ ಪೆಟ್ಟಿಗಿಯೊಳಗ, ಹತ್ತು ನೆರಳಾಗ, ಹತ್ತು ಬಿಸಲಾಗ. ಕಾಡತೂಸಿನ ಒಳಗ ಎಷ್ಟು ಡಿಗ್ರಿ ಅನ್ನೋದು ತಿಳಿಯೋದ್ಹೆಂಗ? ಹಿತ್ತಾಳಿ ಮುಟ್ಟಿ ನೋಡಿದ್ರ ತಿಳಿಯೋದಿಲ್ಲ, ಮೈ ಲಗೂ ಕಾಯ್ತೈತಿ, ಒಳಗಿನ ಮದ್ದು ತಡವಾಗಿ. ಅದಕ್ಕ ಅವಾ ಒಂದು ಚೊಲೊ ಉಪಾಯ ಮಾಡ್ದ. ಪ್ರೈಮರ್ ಇಲ್ದ ಖಾಲಿ ಕೇಸ್‌ಗಳ ಬುಡದ ತೂತಿನಾಗ ಅಡಗಿ ಮನಿ ಥರ್ಮಾಮೀಟರ್‌ನ ತೆಳ್ಳನ ಕಡ್ಡಿ ಹಿಡಿಯುವಷ್ಟು ಕೊರ್ದು, ಒಳಗ ಮದ್ದಿನ ಬದಲಿ ಒಣಾ ರವಾ ತುಂಬಿ, ಮ್ಯಾಲ ಗುಂಡು ಕೂಡ್ಸಿ, ಪ್ರತಿ ಡಬ್ಬಿಯೊಳಗ ಅಂಥಾದ್ದೊಂದು ಇಟ್ಟ. ಅದು ತೋರಿಸಿದ್ದು ಐಸ್ ಪೆಟ್ಟಿಗಿಯೊಳಗ 8, ನೆರಳಾಗ 36, ಬಿಸಲಾಗ 52. ಹವಾ 36 ಇದ್ದಾಗ ಬಿಸಲಾಗಿನ ಡಬ್ಬಿ 52, ಈ ಒಂದು ಅಂಕಿ ನೋಡಿ ನನಗ ಜುಲೈದ ಬಿಗಿ ಬೋಲ್ಟ್ ಅರ್ಥ ಆತು.

ನಾ ಹಟ ಹಿಡಿದಿದ್ದು ಒಂದ ವಿಷಯಕ್ಕ. ಮೊದಲ ತಣ್ಣಂದು ಹತ್ತು, ಆಮ್ಯಾಲ ನೆರಳಿಂದು ಹತ್ತು, ಕಡೀಕ್ಕ ಬಿಸೀದು ಹತ್ತು ಹೊಡೀಬ್ಯಾಡ, ಯಾಕಂದ್ರ ನಳಿಗಿ ಕಾಯ್ಕೋತ ಹೋಗ್ತೈತಿ, ಕಡೀಗೆ ಏರಿದ ವೇಗ ಮದ್ದಿಂದೋ ನಳಿಗೀದೋ ಹೇಳಾಕ ಬರೋದಿಲ್ಲ. ತಣ್ಣಂದು, ನೆರಳಿಂದು, ಬಿಸೀದು, ತಿರುಗಿ ಬಿಸೀದು, ನೆರಳಿಂದು, ತಣ್ಣಂದು, ಹಿಂಗ ಹೆಣಕೋತ ಹೋಗು, ನಡುವ ಎರಡು ಮಿನಿಟು ಬಿಡು, ಮತ್ತ ಕಾಡತೂಸು ನಳಿಗಿ ಬುಡದ ಚೇಂಬರ್‌ಗೆ ಹಾಕಿದ ಮ್ಯಾಲ ಇಪ್ಪತ್ತು ಸೆಕೆಂಡಿನೊಳಗ ಹೊಡಿ. ಎರಡು ಮುಂಜಾನಿ ಹೊಡಿ, ಎರಡೂ ಮದ್ದು ಎರಡೂ ಮುಂಜಾನಿ ಅರ್ಧರ್ಧ. ಅವಾ ಬ್ಯಾಸರಾದ್ರೂ ಹಂಗ ಮಾಡ್ದ, ಮೂವತ್ತೇಳು ಡಿಗ್ರಿಯೊಳಗ ಬೆವರು ಒರಸ್ಕೋತ.

ಸರಾಸರಿ ಬಂದಿದ್ದು ಹಿಂಗ. ಬಾಲ್ ಪೌಡರ್ 8 ಡಿಗ್ರಿಗೆ 2,588 ಅಡಿ, 36ಕ್ಕ 2,641, 52ಕ್ಕ 2,671. ತಣ್ಣಂದಕ್ಕೂ ಬಿಸೀದಕ್ಕೂ 83 ಅಡಿ ಫರಕ್, ಒಂದು ಡಿಗ್ರಿಗೆ ಹತ್ತತ್ರ 1.9 ಅಡಿ, ಅಮೇರಿಕಾದವರ ಫ್ಯಾರನ್‌ಹೀಟ್ ಲೆಕ್ಕದಾಗ ಡಿಗ್ರಿಗೆ ಒಂದು ಅಡಿ. ವಾರ್ಗೆಟ್ 8ಕ್ಕ 2,604, 36ಕ್ಕ 2,613, 52ಕ್ಕ 2,620. ಕೂಡಿ 16 ಅಡಿ.

ತಮ್ಮ ಕುಣದಾಡಿದ. ನಾ ತಡದೆ. ಒಂದೊಂದ ಪಾಲಿನಾಗ ಹತ್ತ ಗುಂಡು, ಅದರೊಳಗ ಗುಂಡಿನಿಂದ ಗುಂಡಿಗೆ ವೇಗ ಹನ್ನೆರಡು ಅಡಿ ಆ ಕಡೆ ಈ ಕಡೆ ಹೊಯ್ದಾಡ್ತೈತಿ, ಅಂಥಾದ್ರಾಗ ವಾರ್ಗೆಟ್‌ನ 9 ಅಡಿ, 7 ಅಡಿ ಫರಕ್ ನಂಬಬ್ಯಾಡ, ನಾಳೆ ಮತ್ತ ಹೊಡದ್ರ 3 ಬರಬಹುದು, 15 ಬರಬಹುದು. ಅದರಿಂದ ಹೇಳಬಹುದಾದ್ದು ಇಷ್ಟ: ಈ ರೈಫಲ್‌ನಾಗ, ಈ ಗುಂಡಿಗೆ, ಈ ತೂಕಕ್ಕ, 8ರಿಂದ 52 ಡಿಗ್ರಿ ತನಕ ವಾರ್ಗೆಟ್ ಭಾಳ ಸ್ಥಿರ. ಬ್ಯಾರೆ ಕ್ಯಾಲಿಬರ್‌ನಾಗ ಬ್ಯಾರೆ ತೂಕದಾಗ ಇದ ಮದ್ದು ಇಷ್ಟ ಚೊಲೊ ನಡ್ಕೋಬೇಕು ಅಂತಿಲ್ಲ, ಡಬ್ಬಿ ಮ್ಯಾಲ ಸ್ಥಿರ ಅಂತ ಬರದಿದ್ರೂ. ಆದ್ರ ಬಾಲ್ ಪೌಡರ್‌ನ 53, 30 ನಂಬು. ಅದು ಹೊಯ್ದಾಟದಾಗ ಮುಚ್ಚಿಹೋಗೋ ಅಂಕಿ ಅಲ್ಲ. ಅದನ್ನ ಹಿಡ್ಕೊಂಡು ತಿರುಗಿ ಜುಲೈಕ್ಕ ಬಂದ್ವಿ: ಕಾಡತೂಸು 10ರ ಬದಲಿ ನಾಲ್ವತ್ತರ ಮ್ಯಾಲ ಇತ್ತು ಅಂದ್ರ ವೇಗ ಅರವತ್ತರ ಆಜುಬಾಜು ಏರಿರಬೇಕು, 120 ಇಂಚಿನ ಇಳಿತದಾಗ ಅರವತ್ತು ಅಡಿ ವೇಗಕ್ಕ ಐದು, ಐದೂವರಿ ಇಂಚು ಕಮ್ಮಿ ಆಗ್ತೈತಿ. ಲೆಕ್ಕಕ್ಕ ಸಿಗದ ಆ ಐದೂವರಿ ಇಂಚು ಅಲ್ಲಿತ್ತು. ನಾ ಆ ಹಾಳಿ ಇನ್ನೂ ಇಟ್ಕೊಂಡೀನಿ.

ಇನ್ನ ಮದ್ದು ಆರಿಸೋ ಮಾತು. ಎಲ್ಲಾ ಬಿಟ್ಟು ವಾರ್ಗೆಟ್ ಒಂದ ತಗೋ ಅನ್ನೋದು ಸುಲಭ, ಆದ್ರ ಆ ಹೊತ್ತಿಗೆ ಅಲ್ಲಿ ಮದ್ದಿನ ಕೊರತಿ, ಅಂಗಡಿಯೊಳಗ ವಾರ್ಗೆಟ್ ಸಿಗೋದ ಕಷ್ಟ, ಸಿಕ್ರ ತುಟ್ಟಿ. ಬಾಲ್ ಪೌಡರ್ ಎರಡು ದೊಡ್ಡ ಡಬ್ಬಿ ಮನ್ಯಾಗ ಕುಂತಿದ್ದೂವು. ಹಿಂಗ ತೀರ್ಮಾನ ಮಾಡಿದ್ವಿ: 600 ಗಜಕ್ಕ, ಮತ್ತ ನವೆಂಬರ್‌ದಾಗ ಬೆಟ್ಟದ ಮ್ಯಾಲ ಹೋಗಾಕ ವಾರ್ಗೆಟ್. 100 ಗಜದ ಪ್ರ್ಯಾಕ್ಟೀಸಿಗೆ ಬಾಲ್ ಪೌಡರ್, ಆದ್ರ ಅದರ ಗರಿಷ್ಠವನ್ನ ಕಡು ಬ್ಯಾಸಿಗಿಯೊಳಗ, ಕಾಡತೂಸು ಬಿಸಿ ಮಾಡೇ ಗೊತ್ತು ಮಾಡಬೇಕು, ಚಳಿಗಾಲಕ್ಕ ಅದು ನಿಧಾನ ಆದ್ರ ಆಗ್ಲಿ. ನನ್ನ ಕೇಳಿದ್ರ ಸ್ಥಿರ ಮದ್ದು ಸಿಗದಿದ್ದಾಗ ಇದೊಂದ ನ್ಯಾಯವಾದ ದಾರಿ. ಬ್ಯಾಸಿಗಿಯೊಳಗ ಸುರಕ್ಷಿತ ಇದ್ದದ್ದು ಚಳಿಯೊಳಗ ಬರೇ ವೇಗ ಕಳ್ಕೊಂಡೀತು, ಚಳಿಯೊಳಗ ತುದಿಗೆ ಒಯ್ದು ಹದ ಮಾಡಿದ್ದು ಬ್ಯಾಸಿಗಿಯೊಳಗ ಕೇಸ್ ಹರದೀತು. ಚಳಿಗೂ ತನ್ನ ತ್ರಾಸು ಐತಿ ಬಿಡ್ರಿ, ಲೇಪ ಜಾಸ್ತಿ ಇರೋ ಬಾಲ್ ಪೌಡರ್ ಕಡು ಥಂಡಿಯೊಳಗ ಹೊತ್ತಿಕೊಳ್ಳಾಕ ತಡಮಾಡ್ತೈತಿ, ಅದಕ್ಕ ಕೆಲವ್ರು ಜೋರಿನ ಪ್ರೈಮರ್ ಹಾಕ್ತಾರ, ಆದ್ರ ಪ್ರೈಮರ್ ಬದಲಿ ಮಾಡಿದ್ರ ತಿರುಗಿ ಕೆಳಗಿನ ತೂಕದಿಂದ ಏರಿಸ್ಕೋತ ಬರಬೇಕು, ಅದ ತೂಕಕ್ಕ ಪ್ರೈಮರ್ ಅಷ್ಟ ಬದಲಿಸಬಾರ್ದು.

ಮದ್ದು ಬದಲಿ ಮಾಡಿದ್ರೂ ಬಿಸಲು ಬಿಸಲ. 2018ರಾಗ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವರು ಫೀನಿಕ್ಸ್ ಬಾಜೂಕಿನ ಟೆಂಪಿಯೊಳಗ ಅಳದು ಪ್ರಕಟಿಸಿದ ಲೆಕ್ಕ ಐತಿ, ಕಡು ಬ್ಯಾಸಿಗಿಯೊಳಗ ಒಂದು ತಾಸು ಬಿಸಲಾಗ ನಿಂತ ಕಾರಿನ ಒಳಗ ಸರಾಸರಿ 47 ಡಿಗ್ರಿ ಹತ್ತತ್ರ, ಡ್ಯಾಶ್‌ಬೋರ್ಡ್ 69. ಅದು ಕೂಸುಗಳ ಜೀವಕ್ಕ ಸಂಬಂಧಪಟ್ಟ ಅಧ್ಯಯನ, ಕಾಡತೂಸಿಂದಲ್ಲ, ಆದ್ರ ಡಿಕ್ಕಿಯೊಳಗ ಡಬ್ಬಿ ಬಿಡೋ ಮನಷ್ಯಾಗ ಈ ಅಂಕಿ ಸಾಕು. ಈಗ ಅವಾ ಐಸ್ ಇಲ್ದ ಖಾಲಿ ಐಸ್ ಪೆಟ್ಟಿಗಿಯೊಳಗ ಕಾಡತೂಸು ಒಯ್ತಾನ, ತಂಪು ಮಾಡಾಕಲ್ಲ, ಏರದಂಗ ಇಡಾಕ. ಇನ್ನೊಂದು, ಹತ್ತು ಹದಿನೈದು ಹೊಡ್ದು ಕಾದ ಚೇಂಬರಿನಾಗ ಒಂದು ಕಾಡತೂಸು ಹಾಕಿ ಗಾಳಿ ನಿಲ್ಲಲಿ ಅಂತ ಕಾಯ್ಕೋತ ಕುಂದರೋ ಚಟ ಇತ್ತು ಅವಂಗ, ಅದು ಕಾದ ಹಂಚಿನ ಮ್ಯಾಲ ರೊಟ್ಟಿ ಹಾಕಿ ಮರತಂಗ, ಮದ್ದು ಒಳಗ ಬೇಯ್ತೈತಿ. ಈಗ ಬೋಲ್ಟ್ ತೆರದಿಟ್ಟು ಗಾಳಿ ನೋಡ್ತಾನ, ಹೊಡಿಯೋ ಹೊತ್ತಿಗೆ ಹಾಕ್ತಾನ.

ನವೆಂಬರ್‌ದಾಗ ಫ್ಲ್ಯಾಗ್‌ಸ್ಟಾಫ್ ಕಡೆ ಹೋಗಿದ್ದ, ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರ, ಮುಂಜಾನಿ ಮೈನಸ್ 4. ವಾರ್ಗೆಟ್ ಹಾಕಿದ ಕಾಡತೂಸು, ವೇಗ 2,598. ಎತ್ತರಕ್ಕ ಹವಾ ತೆಳ್ಳಗಾಗೋದು, ಥಂಡಿಗೆ ದಪ್ಪಗಾಗೋದು ಎರಡೂ ಸೇರಿಸಿ ಹಿಂದಿನ ರಾತ್ರಿನ ಲೆಕ್ಕ ಹಾಕಿ ಸ್ಕೋಪ್ ತಿರುವಿದ್ದ, 600 ಗಜದ ಮೊದಲನೇ ಗುಂಡು ಎರಡು ಇಂಚಿನೊಳಗ ಬಿತ್ತು. ಫೋನ್ ಬಂದಾಗ ಇಲ್ಲಿ ರಾತ್ರಿ ಹತ್ತೂವರಿ, ನಮ್ಮ ಮನಿಯವರು ಏನಾತೋ ಅಂತ ಗಾಬರಿಯಾಗಿ ಎದ್ದು ಬಂದ್ರು.

ಈಗ ಅವನ ನೋಟ್‌ಬುಕ್‌ನಾಗ ಹೊಸಾ ಕಾಲಂ ಐತಿ. ಮೊದಲನೇ ಪುಟದ ಫೋಟೋ ಕಳ್ಸಿದಾಗ ಅದರಾಗ 'ತುಂಬಿದಾಗ 21 ಡಿಗ್ರಿ' ಅಂತ ಬರದಿದ್ದ. ನಾ ಅಂದೆ, ತುಂಬಿದಾಗ ಎಷ್ಟಿತ್ತು ಅನ್ನೋದ್ರಾಗ ಏನೂ ಇಲ್ಲ ತಮ್ಮಾ, ಗ್ಯಾರೇಜಿನಾಗ ಎಸಿ ಹಾಕ್ಕೊಂಡು ತುಂಬಿದ್ರೂ ಅಷ್ಟ, ಸೆಖಿಯೊಳಗ ತುಂಬಿದ್ರೂ ಅಷ್ಟ, ಮದ್ದಿಗೆ ಅದು ನೆನಪಿರೋದಿಲ್ಲ, ಹೊಡಿಯೋ ಗಳಿಗಿಗೆ ಕಾಡತೂಸಿನ ಒಳಗ ಎಷ್ಟಿತ್ತು ಅದನ್ನ ಬರಿ, ಹವಾದ್ದು ಬ್ಯಾರೆ ಬರಿ. ಅರ್ಧ ತಾಸಿನಾಗ ತಿದ್ದಿದ ಪುಟದ ಫೋಟೋ ಬಂತು, ಕಾಲಂ ಎರಡಾಗಿದ್ದೂವು. ವಾರ್ಗೆಟ್‌ನ ಆ ಡಬ್ಬಿ ಮುಗ್ಯಾಕ ಬಂದೈತಿ, ಮುಂದಿಂದು ಬ್ಯಾರೆ ಲಾಟ್, ಅದಕ್ಕ ರವಾ ತುಂಬಿದ ಆ ಮೂರು ಕೇಸ್ ಟೇಬಲ್ ಮ್ಯಾಲ ಹಂಗ ಇಟ್ಟಾನ, ಐಸ್ ಪೆಟ್ಟಿಗಿ, ನೆರಳು, ಬಿಸಲು ಮತ್ತೊಮ್ಮಿ ಮಾಡಬೇಕು.